ಕಾನ್ಸೆಪ್ಟ್ ಮೊದಲಾ, ಕೆಲಸ ಮೊದಲಾ? ಸಾಫ್ಟ್‌ವೇರ್ ಸಹಾಯ ಪುಟ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಕೂತು ಸಾಫ್ಟ್‌ವೇರ್‌ಗಳಿಗೆ ಕನ್ನಡದಲ್ಲಿ ಸಹಾಯ ಪುಟ ಬರೆಯುತ್ತೇನೆ. ಹಳ್ಳಿ ಡೈರಿಯ ಹಾಲಿನ ಲೆಕ್ಕ, ಟೊಮೆಟೊ ಮಂಡಿಯ ಬಿಲ್ಲು, ಸೊಸೈಟಿ ಸಾಲದ ಪುಸ್ತಕ, ಇಂಥವು. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ, ಇಲ್ಲವೇ ಡೂಂಲೈಟ್ ಸರ್ಕಲ್ ಹತ್ತಿರ ಟೀ ಅಂಗಡಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಟ್ಟಿದ್ದೇನೆ.

ಏನಿದು ಕಾನ್ಸೆಪ್ಟ್ ಮೊದಲು, ಕೆಲಸ ಮೊದಲು ಅನ್ನೋ ಜಗಳ?

ಕೆಲಸ ಅಂದರೆ ಏನೇನು ಒತ್ತಬೇಕು ಅನ್ನೋ ಹೆಜ್ಜೆಗಳು. ಕಾನ್ಸೆಪ್ಟ್ ಅಂದರೆ ಅದು ಯಾಕೆ ಹಾಗೆ ನಡೆಯುತ್ತದೆ ಅನ್ನೋ ತಿಳುವಳಿಕೆ. ನುಡಿ ಕೀಬೋರ್ಡಿನಲ್ಲಿ ‘ಅಮ್ಮ’ ಅಂತ ಟೈಪ್ ಮಾಡುವುದನ್ನು ಒಬ್ಬರಿಗೆ ಕಲಿಸಬೇಕು ಅಂದುಕೊಳ್ಳಿ.

ಕೆಲಸದಿಂದ ಶುರು ಮಾಡುವವರು ಹೀಗೆ ಬರೆಯುತ್ತಾರೆ: ಇಂಗ್ಲಿಷ್ ಎ ಒತ್ತಿ, ಎಂ ಒತ್ತಿ, ಎಫ್ ಒತ್ತಿ, ಮತ್ತೆ ಎಂ ಒತ್ತಿ. ಅಷ್ಟೇ. ‘ಅಮ್ಮ’ ಬಂತು. ಕಲಿಯುವವರ ಮುಖದಲ್ಲಿ ಅರ್ಧ ನಿಮಿಷದಲ್ಲಿ ನಗು.

ಕಾನ್ಸೆಪ್ಟ್‌ನಿಂದ ಶುರು ಮಾಡುವವರು ಹೀಗೆ ಬರೆಯುತ್ತಾರೆ: ಈ ಕೀಬೋರ್ಡಿನಲ್ಲಿ ವ್ಯಂಜನದ ಕೀ ಒತ್ತಿದರೆ ‘ಅ’ ಸೇರಿಕೊಂಡೇ ಬರುತ್ತದೆ. ಎಫ್ ಕೀ ಆ ‘ಅ’ವನ್ನು ತೆಗೆದುಬಿಡುತ್ತದೆ. ಆಮೇಲೆ ಒತ್ತಿದ ವ್ಯಂಜನ ಒತ್ತಾಗಿ ಕೆಳಗೆ ಹೋಗಿ ಕೂರುತ್ತದೆ.

ಮೊದಲನೆಯದನ್ನು ಓದಿದವರಿಗೆ ‘ಅಮ್ಮ’ ಬರುತ್ತದೆ. ‘ಅಕ್ಕ’ ಬರೆಯಬೇಕಾದಾಗ ಕೆಲವರು ತಾವೇ ಊಹಿಸಿಕೊಳ್ಳುತ್ತಾರೆ, ಕೆಲವರು ನಿಮಗೆ ಫೋನ್ ಮಾಡುತ್ತಾರೆ. ಎರಡನೆಯದನ್ನು ಪೂರ್ತಿ ಓದಿದವರು ಯಾವ ಒತ್ತಕ್ಷರವನ್ನಾದರೂ ಬರೆಯುತ್ತಾರೆ. ತೊಂದರೆ ಇರೋದು ಆ ‘ಪೂರ್ತಿ ಓದಿದವರು’ ಅನ್ನೋ ಮಾತಿನಲ್ಲಿ.

ಸುತ್ತಿ ಬಳಸಿ ಬೇಡ. ಯಾವುದು ಮೊದಲು?

ಕೆಲಸ ಮೊದಲು. ಆದರೆ ಓದುವವರು ಎಲ್ಲಿ ತಪ್ಪು ಊಹೆ ಮಾಡುತ್ತಾರೋ, ಆ ಜಾಗಕ್ಕೆ ಒಂದು ಹೆಜ್ಜೆ ಮುಂಚೆ, ಎರಡು ಮೂರು ಸಾಲಿನಲ್ಲಿ ಕಾನ್ಸೆಪ್ಟ್ ಹೇಳಿ. ಪುಟದ ತಲೆ ಮೇಲೆ ಅಲ್ಲ, ಕೊನೆಯಲ್ಲೂ ಅಲ್ಲ, ಆ ಜಾಗದಲ್ಲಿ.

ಜನ ಓದೋದೇ ಇಲ್ಲ ಅಂತಾರಲ್ಲ, ನಿಜಾನಾ?

ಓದುತ್ತಾರೆ, ಆದರೆ ನಾವು ಬರೆದ ಕ್ರಮದಲ್ಲಿ ಅಲ್ಲ.

ಇದು ಈಗಿನ ಮೊಬೈಲ್ ಕಾಲದ ರೋಗ ಅಂದುಕೊಳ್ಳಬೇಡಿ. 1980ರ ದಶಕದಲ್ಲಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ಅವರ ಜೊತೆಗಾರರು ಆಫೀಸಿನ ಟೈಪಿಂಗ್ ಕೆಲಸದವರು ಹೊಸ ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲೇ ಕೂತು ನೋಡಿದರು. ಕಂಪನಿ ದಪ್ಪ ಮ್ಯಾನ್ಯುಯಲ್ ಕೊಟ್ಟಿತ್ತು. ಮೊದಲ ಅಧ್ಯಾಯದಿಂದ ಶಿಸ್ತಾಗಿ ಓದಿಕೊಂಡು ಹೋಗಲಿ ಅನ್ನೋದು ಬರೆದವರ ಆಸೆ. ಕಲಿಯುವವರು ಮಾಡಿದ್ದೇ ಬೇರೆ. ಪುಟ ಹಾರಿಸಿದರು, ಸಿಕ್ಕಿದ ಕೀ ಒತ್ತಿದರು, ಸಿಕ್ಕಿಹಾಕಿಕೊಂಡರು, ಅಲ್ಲಿಂದ ಹೊರಗೆ ಬರಲು ತಮ್ಮದೇ ದಾರಿ ಹುಡುಕಿದರು. ಅವರಿಗೆ ಬೇಕಾಗಿದ್ದದ್ದು ಒಂದು ಪತ್ರ ಟೈಪ್ ಮಾಡುವುದು. ವರ್ಡ್ ಪ್ರೊಸೆಸರ್ ಅಂದರೆ ಏನು ಅಂತ ತಿಳಿಯುವುದಲ್ಲ.

ಕ್ಯಾರಲ್ ತಂಡ ಮ್ಯಾನ್ಯುಯಲ್ಲನ್ನು ಕತ್ತರಿಸಿತು. ಪೀಠಿಕೆ ಹೋಯಿತು, ‘ಈ ಅಧ್ಯಾಯದಲ್ಲಿ ನೀವು ಕಲಿಯುವಿರಿ’ ಹೋಯಿತು. ನಿಜವಾದ ಕೆಲಸಗಳು ಉಳಿದವು, ತಪ್ಪಾದರೆ ಏನು ಮಾಡಬೇಕು ಅನ್ನೋದು ಜಾಸ್ತಿಯಾಯಿತು. ಜನ ಕಡಿಮೆ ಸಮಯದಲ್ಲಿ ಕಲಿತರು. 1987ರಲ್ಲಿ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ ಇನ್ನೊಂದು ವಿಚಾರ ಬರೆದರು: ಬಳಸುವವರು ಕಲಿಯಲು ನಿಲ್ಲುವುದೇ ಇಲ್ಲ, ನಿಂತು ಕಲಿತಿದ್ದರೆ ಮುಂದೆ ಎಷ್ಟೋ ಸಮಯ ಉಳಿಯುತ್ತಿತ್ತು. ನಮ್ಮ ಕಸುಬಿನ ಕಷ್ಟವೆಲ್ಲ ಈ ಒಂದು ಗಂಟಿನಲ್ಲಿದೆ.

ಹಾಗಾದ್ರೆ ಬರೀ 1, 2, 3 ಹೆಜ್ಜೆ ಬರೆದರೆ ಸಾಕಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಡೈರಿಯ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಹಾಲಿನ ಲೆಕ್ಕದ ಒಂದು ಸಾಫ್ಟ್‌ವೇರ್‌ಗೆ ಸಹಾಯ ಪುಟ ಬರೆಯುತ್ತಿದ್ದೆ. ಬೆಳಿಗ್ಗೆ, ಸಂಜೆ ಎರಡು ಶಿಫ್ಟ್. ಪ್ರತಿ ಶಿಫ್ಟ್ ಮುಗಿದ ಮೇಲೆ ಅದನ್ನು ಕ್ಲೋಸ್ ಮಾಡಬೇಕು. ‘ಶಿಫ್ಟ್ ಕ್ಲೋಸ್ ಮಾಡುವುದು ಹೇಗೆ’ ಅಂತ ಒಂದು ಪುಟ. ನಾಲ್ಕು ಹೆಜ್ಜೆ, ನಾಲ್ಕು ಚಿತ್ರ. ಒಂದಕ್ಷರ ತಪ್ಪಿಲ್ಲ. ಆ ಪುಟದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಮುಳಬಾಗಿಲು ಕಡೆಯ ಒಂದು ಹಳ್ಳಿ. ಆರು ಗಂಟೆಗೇ ಕ್ಯೂ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬ, ಒಬ್ಬರ ಕೈಯಲ್ಲಿ ಬೋಸಿ. ಸದಸ್ಯರ ನಂಬರ್ ಹೇಳುತ್ತಾರೆ, ಹಾಲು ತೂಕಕ್ಕೆ ಹೋಗುತ್ತದೆ, ಒಂದು ಚಮಚದಷ್ಟು ಫ್ಯಾಟ್ ಮೆಷಿನ್‌ಗೆ ಹೋಗುತ್ತದೆ, ಚೀಟಿ ಹೊರಗೆ ಬರುತ್ತದೆ. ಏಳೂಕಾಲಿಗೆ ಕ್ಯೂ ಖಾಲಿಯಾಯಿತು. ಸೆಕ್ರೆಟರಿ ಮೇಡಂ ತಿಂಡಿಗೆ ಎದ್ದರು. ಹೋಗುವ ಮುಂಚೆ ನನ್ನ ಪುಟ ತೆಗೆದು, ಹೆಜ್ಜೆ ತಪ್ಪದೆ, ಶಿಫ್ಟ್ ಕ್ಲೋಸ್ ಮಾಡಿದರು. ಕ್ಲೋಸ್ ಅಂದರೆ ಸ್ಕ್ರೀನ್ ಮುಚ್ಚುವುದು ಅಂತ ಅವರ ಲೆಕ್ಕ. ಮಗು ಬಂದು ಕೀ ಒತ್ತಿಬಿಟ್ಟರೆ ಅನ್ನೋ ಭಯ, ಪಾಪ.

ವಾಪಸ್ ಬರುವಷ್ಟರಲ್ಲಿ ಇನ್ನೂ ಐದು ಜನ ಕ್ಯಾನ್ ಹಿಡಿದು ನಿಂತಿದ್ದರು. ಮೇಡಂ ಹಾಲು ಹಾಕಿಸಿಕೊಂಡರು. ಚೀಟಿಯೂ ಬಂತು. ಆದರೆ ಸಾಫ್ಟ್‌ವೇರ್ ಪ್ರಕಾರ ಬೆಳಿಗ್ಗೆ ಮುಗಿದುಹೋಗಿತ್ತು. ಆ ಐದು ಜನರ ಹಾಲು ಸಂಜೆ ಲೆಕ್ಕಕ್ಕೆ ಹೋಯಿತು. ಹಾಲಿನ ಗಾಡಿಗೆ ಏರಿದ ಲೀಟರಿಗೂ ಬೆಳಗಿನ ರಿಪೋರ್ಟಿಗೂ 38 ಲೀಟರ್ ವ್ಯತ್ಯಾಸ. ಬಟವಾಡೆ ದಿನ ಒಬ್ಬ ಹಿರಿಯರು ಪಾಸ್‌ಪುಸ್ತಕ ಹಿಡಿದು ಬಂದರು. ಆ ದಿನ ಬೆಳಗಿನ ಜಾಗ ಖಾಲಿ. “ಏನಮ್ಮಾ, ಅವತ್ತು ನಮ್ಮ ಹಸು ರಜ ಹಾಕಿತ್ತಾ?” ಅಂತ ಕೇಳಿದರಂತೆ. ಮೊದಲು ಕನ್ನಡದಲ್ಲಿ, ಆಮೇಲೆ ಸಿಟ್ಟು ಬಂದು ತೆಲುಗಿನಲ್ಲಿ.

ನನ್ನ ಹೆಜ್ಜೆಗಳೆಲ್ಲ ಸರಿಯಿದ್ದವು. ಅವರು ಮಾಡಿದ್ದೂ ಸರಿಯಾಗಿತ್ತು. ಯಾವಾಗ ಮಾಡಬಾರದು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಅದು ಹೆಜ್ಜೆಯಲ್ಲಿ ಹಿಡಿಸುವ ವಿಷಯವೂ ಅಲ್ಲ.

ಈಗ ಮೊದಲ ಹೆಜ್ಜೆಗೆ ಮುಂಚೆ ಮೂರು ಸಾಲಿದೆ: ‘ಶಿಫ್ಟ್ ಕ್ಲೋಸ್ ಅಂದರೆ ಈ ಹೊತ್ತಿನ ಲೆಕ್ಕಕ್ಕೆ ಗೆರೆ ಎಳೆಯುವುದು. ಗೆರೆ ಎಳೆದ ಮೇಲೆ ಬಂದ ಹಾಲು ಮುಂದಿನ ಶಿಫ್ಟಿಗೆ ಸೇರುತ್ತದೆ. ಹಾಲಿನ ಗಾಡಿ ಹೊರಟ ಮೇಲೆ ಕ್ಲೋಸ್ ಮಾಡಿ.’ ಪುಸ್ತಕದಲ್ಲಿ ಲೆಕ್ಕ ಬರೆಯುವ ಕಾಲದಲ್ಲಿ ಮೊತ್ತ ಹಾಕಿ ಗೆರೆ ಎಳೆಯುತ್ತಿದ್ದರಲ್ಲ, ಆ ಮಾತನ್ನು ಆ ಮೇಡಮ್ಮೇ ನನಗೆ ಕೊಟ್ಟದ್ದು. “ಗೆರೆ ಎಳೆಯೋದು ಅಂತ ಬರೆದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ ಸಾರ್” ಅಂದರು.

ಹಾಗಾದರೆ ಫ್ಯಾಟ್, ಎಸ್‌ಎನ್‌ಎಫ್ ಎಲ್ಲವನ್ನೂ ಮೊದಲು ವಿವರಿಸಬೇಕಾ?

ಬೇಡ. ಕಂಪನಿ ಕಡೆಯಿಂದ ಬಂದ ಮೊದಲ ಕರಡಿನಲ್ಲಿ ಅದೇ ಇತ್ತು. ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶಕ್ಕೆ ಎಸ್‌ಎನ್‌ಎಫ್ ಎನ್ನುತ್ತಾರೆ ಅಂತ ಎರಡು ಪುಟ. ಓದುವವರು ಯಾರು? ಇಪ್ಪತ್ತು ವರ್ಷದಿಂದ ಡೈರಿ ನಡೆಸುವವರು. ಲ್ಯಾಕ್ಟೋಮೀಟರ್ ಮುಳುಗಿಸುವ ಮುಂಚೆಯೇ ನೀರು ಬೆರೆಸಿದ್ದಾರೋ ಇಲ್ಲವೋ ಹೇಳುವವರು. ಮೀನಿಗೆ ಈಜು ಕಲಿಸಿದ ಹಾಗಾಯಿತು.

ಕೆಲಸದ ಕಾನ್ಸೆಪ್ಟ್ ಅವರಿಗೆ ಗೊತ್ತು. ಸಾಫ್ಟ್‌ವೇರಿನ ಕಾನ್ಸೆಪ್ಟ್ ಗೊತ್ತಿಲ್ಲ. ಇವೆರಡೂ ಒಂದೇ ಆಗಿರುವ ಕಡೆ ಬಾಯಿ ಮುಚ್ಚಿಕೊಂಡು ಹೆಜ್ಜೆ ಬರೆಯಿರಿ. ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲಿ ಮಾತಾಡಿ. ಡೈರಿಯವರ ಪ್ರಕಾರ ಬೆಳಗು ಮುಗಿಯುವುದು ಗಾಡಿ ಹೋದಾಗ. ಸಾಫ್ಟ್‌ವೇರ್ ಪ್ರಕಾರ ಬಟನ್ ಒತ್ತಿದಾಗ. ಈ ಸಂದಿಯಲ್ಲೇ 38 ಲೀಟರ್ ಸೋರಿದ್ದು.

ಇದೇ ಪುಟ ಡೈರಿ ಗೊತ್ತಿಲ್ಲದ, ಹೊಸದಾಗಿ ಸೇರಿದ ಪ್ರೋಗ್ರಾಮರ್‌ಗೆ ಆದರೆ ಲೆಕ್ಕ ತಿರುಗುಮುರುಗು. ಅವರಿಗೆ ಬಟನ್ ಗೊತ್ತು, ಹಾಲು ಗೊತ್ತಿಲ್ಲ.

ಕಾನ್ಸೆಪ್ಟನ್ನೇ ಮೊದಲು ಹೇಳಬೇಕಾದ ಸಂದರ್ಭ ಇದೆಯಾ?

ಇದೆ. ನನ್ನ ಪ್ರಕಾರ ಎರಡು.

ಒಂದು, ಮಾಡಿದ ಮೇಲೆ ವಾಪಸ್ ತೆಗೆಯಲು ಆಗದ ಕೆಲಸ. ಡಿಲೀಟ್, ಫಾರ್ಮ್ಯಾಟ್, ಹಣ ಕಳಿಸುವುದು, ವರ್ಷದ ಲೆಕ್ಕ ಮುಗಿಸುವುದು. ಇಲ್ಲಿ ‘ಮಾಡಿ ನೋಡಿ ಕಲಿಯಿರಿ’ ಅನ್ನೋದು ಹುಡುಗಾಟ.

ಎರಡು, ತಪ್ಪಾದದ್ದು ತಪ್ಪಾದ ಹೊತ್ತಿಗೆ ಕಾಣದೇ ಇರುವಂಥದ್ದು. ಇದಕ್ಕೆ ನಮ್ಮ ಕನ್ನಡದ್ದೇ ಉದಾಹರಣೆ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪ್ರಿಂಟ್ ಕೂಡ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ ಇನ್ನೊಂದು ಆಫೀಸಿನಲ್ಲಿ ತೆಗೆದರೆ ಏನೇನೋ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿ. ಫೈಲಿನ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಕನ್ನಡದ ಚಿತ್ರ ತೊಡಿಸಿದ್ದು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿಬಿತ್ತು. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ನಂಬರ್ ಕೊಡುವ ಪದ್ಧತಿ, ಹಾಗಲ್ಲ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಬೇರೆಯಾಗಿ 128 ಮನೆಗಳ ಜಾಗ ಕೊಟ್ಟಿದ್ದಾರೆ. ‘ಕ’ಗೆ ಅದರದ್ದೇ ಮನೆ, ಅದರದ್ದೇ ನಂಬರ್.

ಹೆಜ್ಜೆ ಬರೆಯುವವರು ಏನು ಬರೆದರು? ‘ಫಾಂಟ್ ಪಟ್ಟಿಯಲ್ಲಿ ನುಡಿ ಆಯ್ಕೆ ಮಾಡಿ, ಟೈಪ್ ಮಾಡಿ.’ ಅದನ್ನು ಓದಿ ವರ್ಷಗಟ್ಟಲೆ ಟೈಪ್ ಮಾಡಿದವರ ಕಡತಗಳನ್ನು ಈಗ ಒಂದೊಂದಾಗಿ ಪರಿವರ್ತಕಕ್ಕೆ ಹಾಕುತ್ತಾ ಕೂತಿದ್ದೇವೆ. ಅಂದು ಎರಡು ಸಾಲು ಹೇಳಿದ್ದರೆ ಸಾಕಿತ್ತು. ಅಂದು ಬಹಳ ಮಂದಿಗೆ ಯೂನಿಕೋಡ್‌ನಲ್ಲಿ ಬರೆಯುವ ಅನುಕೂಲವೇ ಇರಲಿಲ್ಲ ಅನ್ನೋದೂ ನಿಜ, ಎಲ್ಲ ತಪ್ಪನ್ನೂ ಅವರ ಮೇಲೆ ಹಾಕೋದು ಸರಿಯಲ್ಲ.

ಪ್ರೋಗ್ರಾಂ ಬರೆಯುವವರು ಪ್ರತಿ ಬದಲಾವಣೆಯ ದಾಖಲೆ ಇಡಲು ಬಳಸುವ ಗಿಟ್ ಕೂಡ ಈ ಜಾತಿಯದೇ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಮಾಡಿದ್ದು. ಕಾಲೇಜು ಹುಡುಗರು ಆಡ್, ಕಮಿಟ್, ಪುಶ್ ಅಂತ ಮಂತ್ರದ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಮಂತ್ರ ಕೈಕೊಟ್ಟ ದಿನ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಾರೆ, ಅಂದರೆ ಪೂರ್ತಿ ನಕಲನ್ನು ಹೊಸದಾಗಿ ಇಳಿಸಿಕೊಳ್ಳುತ್ತಾರೆ. ಕೆಲಸದ ಫೋಲ್ಡರ್, ಕಮಿಟ್‌ಗೆ ಆರಿಸಿಟ್ಟ ಜಾಗ, ಕಮಿಟ್ ಆದ ಇತಿಹಾಸ, ಈ ಮೂರು ಬೇರೆ ಬೇರೆ ಅಂತ ಒಂದು ಚಿತ್ರ ಬರೆದು ತೋರಿಸಿದರೆ ಅರ್ಧ ಗೋಳು ತಪ್ಪುತ್ತದೆ.

ಮೊದಲೂ ಅಲ್ಲ, ಬಿಡೋದೂ ಅಲ್ಲ, ಆಮೇಲೆ ಹೇಳಿದರೆ?

ಇದು ನನಗೆ ತುಂಬ ಇಷ್ಟದ ದಾರಿ. ತಪ್ಪಾದದ್ದು ತಕ್ಷಣ ಕಾಣಬೇಕು, ಅದರಿಂದ ನಷ್ಟ ಆಗಬಾರದು. ಆಗ ಸುಮ್ನೆ ತಪ್ಪು ಮಾಡಲು ಬಿಡಿ.

ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಎಕ್ಸೆಲ್ ಹೇಳಿಕೊಡುತ್ತಿದ್ದೆ. ಇಲ್ಲಿ 15 ಕೆಜಿ ಬಾಕ್ಸ್ ಲೆಕ್ಕ. ರೈತರ ಹೆಸರು ಒಂದು ಸಾಲು, ಎಷ್ಟು ಬಾಕ್ಸ್ ಅಂತ ಸಿ ಕಾಲಂ. ಬಾಕ್ಸಿಗೆ ಇಷ್ಟು ಹಮಾಲಿ ಅನ್ನೋದು ಮೇಲೆ ಇ1 ಮನೆಯಲ್ಲಿ. ಮೊದಲ ರೈತನಿಗೆ ಸಿ4 ಇಂಟು ಇ1 ಅಂತ ಬರೆದ. ಸರಿಯಾಗಿ ಬಂತು. ಮೂಲೆ ಹಿಡಿದು ಕೆಳಗೆ ಎಳೆ ಅಂದೆ. ಎಳೆದ. ಉಳಿದ ಅಷ್ಟೂ ರೈತರಿಗೆ ಹಮಾಲಿ ಸೊನ್ನೆ.

“ಅಣ್ಣಾ, ಇದು ಕೆಟ್ಟೋಯ್ತು” ಅಂದ.

“ಎರಡನೇ ಸಾಲಿನ ಮೇಲೆ ಕ್ಲಿಕ್ ಮಾಡು. ಏನು ಬರೆದಿದೆ ಓದು.”

“ಸಿ5 ಇಂಟು ಇ2.” ಸ್ವಲ್ಪ ಹೊತ್ತು ನೋಡಿದ. “ಇ2ನಲ್ಲಿ ಏನೂ ಇಲ್ವಲ್ಲ. ಅದೂ ಕೆಳಗೆ ಇಳಿದುಬಿಡ್ತಾ?”

ಕಾನ್ಸೆಪ್ಟ್ ಬಂದೇಬಿಟ್ಟಿತು. ಕೆಳಗೆ ಎಳೆದರೆ ಮನೆಗಳ ವಿಳಾಸವೂ ಜೊತೆಗೆ ಇಳಿಯುತ್ತದೆ. ಇಳಿಯಬಾರದು ಅಂದರೆ ಡಾಲರ್ ಗುರುತು ಹಾಕಿ ಮೊಳೆ ಹೊಡೆಯಬೇಕು, ಅದಕ್ಕೆ ಎಫ್4 ಕೀ. ಇದನ್ನೇ ಮೊದಲು ‘ಸಾಪೇಕ್ಷ ಉಲ್ಲೇಖ ಮತ್ತು ನಿರಪೇಕ್ಷ ಉಲ್ಲೇಖ’ ಅಂತ ಶುರು ಮಾಡಿದ್ದರೆ ಹುಡುಗ ಟೊಮೆಟೊ ಲೋಡ್ ಬಂತು ಅಂತ ನೆಪ ಹೇಳಿ ಎದ್ದುಹೋಗುತ್ತಿದ್ದ. ಈಗ ಅವನು ಬೇರೆಯವರಿಗೆ ಹೇಳಿಕೊಡುವಾಗ ‘ಮೊಳೆ ಹೊಡಿ’ ಅಂತಲೇ ಹೇಳುತ್ತಾನೆ.

ಬರವಣಿಗೆಯಲ್ಲೂ ಇದನ್ನು ಮಾಡಬಹುದು. ‘ಈಗ ಕೆಳಗೆ ಎಳೆಯಿರಿ. ಸೊನ್ನೆ ಬಂತಾ? ಹಾಗೇ ಬರಬೇಕು. ಯಾಕೆ ಅಂತ ನೋಡೋಣ.’ ಆ ‘ಹಾಗೇ ಬರಬೇಕು’ ಅನ್ನುವ ಮಾತನ್ನು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಓದುವವರು ತಾವೇ ಕೆಡಿಸಿದೆವು ಅಂದುಕೊಂಡು ಮುಚ್ಚಿಟ್ಟುಬಿಡುತ್ತಾರೆ.

ಕಾನ್ಸೆಪ್ಟ್ ಎಷ್ಟು ಉದ್ದ ಇರಬೇಕು?

ಕೆಲಸದ ಪುಟದೊಳಗೆ ಆದರೆ ಮೂರು ಸಾಲು. ನಾಲ್ಕನೆಯದು ಬಂದರೆ ಬೇರೆ ಪುಟಕ್ಕೆ ಕಳಿಸಿ, ಕೊಂಡಿ ಕೊಡಿ.

ಡಿಟಾ, ಡಯಾಟಾಕ್ಸಿಸ್ ಇವೆಲ್ಲ ಏನು ಹೇಳುತ್ತವೆ?

ಎರಡೂ ಸಹಾಯ ಪುಟಗಳನ್ನು ಬಗೆಬಗೆಯಾಗಿ ವಿಂಗಡಿಸುವ ಪದ್ಧತಿಗಳು. ಡಿಟಾ ಐಬಿಎಂನಲ್ಲಿ ಹುಟ್ಟಿದ್ದು, 2005ರಲ್ಲಿ ಮಾನದಂಡ ರೂಪಿಸುವ ಓಯಾಸಿಸ್ ಸಂಸ್ಥೆಯ ಮಾನದಂಡವಾಯಿತು. ಅದರಲ್ಲಿ ಕಾನ್ಸೆಪ್ಟ್, ಟಾಸ್ಕ್, ರೆಫರೆನ್ಸ್ ಅಂತ ಮೂರು ಬಗೆಯ ಪುಟ. ಒಂದರಲ್ಲಿ ಇನ್ನೊಂದು ಬೆರೆಸಬಾರದು. ಡಯಾಟಾಕ್ಸಿಸ್ ಡ್ಯಾನಿಯೆಲೆ ಪ್ರೊಚಿಡಾ ಅವರದ್ದು. ಅದರಲ್ಲಿ ನಾಲ್ಕು: ಕೈ ಹಿಡಿದು ಕಲಿಸುವ ಪಾಠ, ಒಂದು ಕೆಲಸ ಮಾಡುವ ದಾರಿ, ಮಾಹಿತಿ ಪಟ್ಟಿ, ವಿವರಣೆ.

ಎರಡೂ ಒಳ್ಳೆಯವೇ. ಎರಡೂ ಹೇಳುವುದು ಬೇರೆ ಬೇರೆ ಡಬ್ಬದಲ್ಲಿ ಇಡಿ ಅಂತ. ಯಾವ ಡಬ್ಬ ಮೊದಲು ತೆಗೆಯಬೇಕು ಅನ್ನೋದು ನಿಮಗೇ ಬಿಟ್ಟದ್ದು. ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ಬೇರೆ ಬೇರೆ ಇಟ್ಟ ಮಾತ್ರಕ್ಕೆ ಒಗ್ಗರಣೆ ಆಗಿಬಿಡುವುದಿಲ್ಲವಲ್ಲ.

ನನ್ನದೊಂದು ತಕರಾರೂ ಇದೆ. ‘ಬೆರೆಸಬಾರದು’ ಅನ್ನೋದನ್ನು ಕೆಲವರು ಮಡಿ ಮೈಲಿಗೆಯ ಮಟ್ಟಕ್ಕೆ ಒಯ್ಯುತ್ತಾರೆ. ಶಿಫ್ಟ್ ಕ್ಲೋಸ್ ಪುಟದ ಆ ಮೂರು ಸಾಲನ್ನು ಕಂಪನಿಯ ಸಂಪಾದಕರು ಕಾನ್ಸೆಪ್ಟ್ ಪುಟಕ್ಕೆ ಎತ್ತಂಗಡಿ ಮಾಡಿದ್ದರು, ಟಾಸ್ಕ್ ಪುಟ ಶುದ್ಧವಾಗಿರಲಿ ಅಂತ. ಡಿಟಾದ ಟಾಸ್ಕ್ ಪುಟದಲ್ಲೇ ಹೆಜ್ಜೆಗೆ ಮುಂಚೆ ಹಿನ್ನೆಲೆ ಹೇಳಲು ಜಾಗ ಇದೆ ಅಂತ ತೋರಿಸಿ ವಾಪಸ್ ತಂದೆ.

ಪ್ರೋಗ್ರಾಮರ್‌ಗಳಿಗೆ ಬರೆಯುವಾಗ ಬೇರೆನಾ?

ಸ್ವಲ್ಪ. ಮೈಕ್ರೋಸಾಫ್ಟ್‌ನಲ್ಲಿದ್ದ ಸ್ಟೀವನ್ ಕ್ಲಾರ್ಕ್ ಡೆವಲಪರ್‌ಗಳನ್ನು ಗಮನಿಸಿ ಮೂರು ಬಗೆ ಮಾಡಿದ್ದರು. ಒಂದು ಬಗೆಯವರು ಪೂರ್ತಿ ಅರ್ಥ ಆಗದೆ ಒಂದು ಸಾಲೂ ಬರೆಯುವುದಿಲ್ಲ. ಇನ್ನೊಂದು ಬಗೆಯವರು ಉದಾಹರಣೆ ಕಾಪಿ ಮಾಡಿ, ಓಡಿಸಿ, ಮುರಿದು, ಹಾಗೇ ಕಲಿಯುತ್ತಾರೆ. ಮಧ್ಯದವರು ಎರಡನ್ನೂ ಬೇಕಾದಂತೆ ಬಳಸುತ್ತಾರೆ. ಎಲ್ಲರೂ ಒಂದೇ ಪುಟಕ್ಕೆ ಬರುತ್ತಾರೆ. ಅದಕ್ಕೇ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಬಳಸುವ ದಾರಿ) ಪುಟದಲ್ಲಿ ಮೊದಲು ಓಡುವ ಒಂದು ಚಿಕ್ಕ ಉದಾಹರಣೆ ಇಡಿ, ಪಕ್ಕದಲ್ಲೇ ‘ಇದು ಹೇಗೆ ಕೆಲಸ ಮಾಡುತ್ತದೆ’ ಅಂತ ಕೊಂಡಿ ಇಡಿ. ಯಾರಿಗೆ ಯಾವುದು ಬೇಕೋ ಅವರು ಆರಿಸಿಕೊಳ್ಳಲಿ.

ಡೆವಲಪರ್ ಬರೆದ ಪುಟಗಳು ಯಾಕೆ ಯಾವಾಗಲೂ ‘ಪರಿಚಯ’ದಿಂದಲೇ ಶುರುವಾಗುತ್ತವೆ?

ಅವರು ಕಟ್ಟಿದ ಕ್ರಮದಲ್ಲೇ ಹೇಳುತ್ತಾರೆ. ಮೊದಲು ಡೇಟಾಬೇಸ್ ಮಾಡಿದರು, ಆದ್ದರಿಂದ ಮೊದಲ ಅಧ್ಯಾಯ ಡೇಟಾಬೇಸ್. ಮನೆ ಕಟ್ಟಿಸಿದವರು ಬಂದ ನೆಂಟರಿಗೆ ಪಾಯದ ಕಥೆ ಹೇಳುತ್ತಾ ನಿಂತ ಹಾಗೆ. ನೆಂಟರಿಗೆ ಬೇಕಾಗಿರುವುದು ಬಚ್ಚಲುಮನೆ ಎಲ್ಲಿ ಅಂತ.

ಆದರೆ ಮೊದಲು ಚೌಕಟ್ಟು ಕೊಟ್ಟರೆ ಚೆನ್ನಾಗಿ ಕಲಿಯುತ್ತಾರೆ ಅಂತ ಮೇಷ್ಟ್ರು ಹೇಳ್ತಾರಲ್ಲ?

ಅವರೂ ಸುಮ್ಮನೆ ಹೇಳುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1960ರಲ್ಲೇ ತೋರಿಸಿದ ವಿಚಾರ ಅದು: ಪಾಠಕ್ಕೆ ಮುಂಚೆ ಹೊಸದನ್ನು ಹಳೆಯದಕ್ಕೆ ಕಟ್ಟಿಹಾಕುವಂಥ ಸಣ್ಣ ಚೌಕಟ್ಟು ಕೊಟ್ಟರೆ ಓದಿದ್ದು ಚೆನ್ನಾಗಿ ನಿಲ್ಲುತ್ತದೆ. ಆದರೆ ಕ್ಲಾಸಿನಲ್ಲಿ ಕೂತವರು ಎದ್ದುಹೋಗುವಂತಿಲ್ಲ. ಸಹಾಯ ಪುಟ ತೆಗೆದವರ ಹಿಂದೆ ಕ್ಯಾನ್ ಹಿಡಿದ ಹತ್ತು ಜನ ನಿಂತಿರುತ್ತಾರೆ. ಆಸುಬೆಲ್ ಮಾತಿನಲ್ಲಿ ನಾವು ತಗೊಳ್ಳಬೇಕಾದ್ದು ‘ಮೊದಲು’ ಅನ್ನೋದಕ್ಕಿಂತ ‘ಹಳೆಯದಕ್ಕೆ ಕಟ್ಟಿಹಾಕು’ ಅನ್ನೋದನ್ನು. ಗೆರೆ ಎಳೆಯುವುದು, ಮೊಳೆ ಹೊಡೆಯುವುದು, ಇವು ಅದನ್ನೇ ಮಾಡುವುದು.

ಕನ್ನಡದಲ್ಲಿ ಬರೆಯುವಾಗ ಏನಾದರೂ ಬೇರೆ ಗಮನಿಸಬೇಕಾ?

ನಮಗೊಂದು ಅನುಕೂಲ ಇದೆ, ಬಹಳ ಮಂದಿ ಗಮನಿಸಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ರಸೀದಿ ಎರಡು ಪ್ರತಿ ಬೇಕಾದರೆ, ಪ್ರಿಂಟ್ ಬಟನನ್ನು ಎರಡು ಸಲ ಒತ್ತಿ.’ ಯಾಕೆ ಅನ್ನೋದು ತಾನಾಗಿ ಮೊದಲು ಬಂತು, ಏನು ಮಾಡಬೇಕು ಅನ್ನೋದು ಆಮೇಲೆ. ಇಂಗ್ಲಿಷ್‌ನಲ್ಲಿ ಬಟನ್ ಒತ್ತಿ ಅಂತ ಮೊದಲು ಬಂದುಬಿಟ್ಟರೆ, ಓದುವವರು ಷರತ್ತು ನೋಡುವ ಮುಂಚೆಯೇ ಒತ್ತಿಬಿಡುತ್ತಾರೆ. ಅಲ್ಲಿನ ಬರಹಗಾರರಿಗೆ ‘ಷರತ್ತು ಮೊದಲು ಹಾಕಿ’ ಅಂತ ಬೇರೆಯಾಗಿ ಹೇಳಿಕೊಡಬೇಕು. ನಮಗೆ ಅದು ಬಿಟ್ಟಿ ಸಿಕ್ಕಿದೆ. ಆದರೂ ಅನುವಾದ ಮಾಡುವವರು ‘ಒತ್ತಿರಿ, ಒಂದುವೇಳೆ ನಿಮಗೆ ಎರಡು ಪ್ರತಿ ಬೇಕಿದ್ದಲ್ಲಿ’ ಅಂತ ಬರೆದು ಆ ಅನುಕೂಲವನ್ನೂ ಕಳೆದುಕೊಳ್ಳುತ್ತಾರೆ.

ಪದಗಳ ವಿಷಯದಲ್ಲಿ ಹಟ ಬೇಡ. ಸ್ಕ್ರೀನ್ ಮೇಲೆ ‘ಸೇವ್’ ಅಂತ ಇದ್ದರೆ ಸಹಾಯ ಪುಟದಲ್ಲೂ ‘ಸೇವ್’. ‘ಉಳಿಸು’ ಅಂತ ಬರೆದರೆ ಆ ಬಟನ್ ಹುಡುಕಿಕೊಂಡು ಐದು ನಿಮಿಷ ಹೋಗುತ್ತದೆ. ಬಟವಾಡೆಗೆ ಮಾತ್ರ ‘ಪಾವತಿ’ ಅಂತ ಬರೆಯಬೇಡಿ. ಡೈರಿಯಲ್ಲಿ ಬಟವಾಡೆ ಅಂದರೇ ಬಟವಾಡೆ. ಇನ್ನೊಂದು, ನಮ್ಮ ಕಡೆ ಓದುವವರಲ್ಲಿ ಎಷ್ಟೋ ಜನರ ಮನೆಮಾತು ತೆಲುಗು. ಕನ್ನಡ ಓದುತ್ತಾರೆ, ಬಿಗಿ ಸಂಸ್ಕೃತದ ಕನ್ನಡ ಬಂದರೆ ಮಗಳ ಕೈಗೆ ಫೋನ್ ಕೊಡುತ್ತಾರೆ.

ವಿಡಿಯೋ ಮಾಡಿದರೆ ಮುಗೀತಲ್ವಾ?

ಕೆಲಸ ತೋರಿಸಲು ವಿಡಿಯೋ ಚೆನ್ನ. ನಾನೂ ಮಾಡುತ್ತೇನೆ. ಆದರೆ ಕಾನ್ಸೆಪ್ಟ್ ಹೇಳುವ ಜಾಗದಲ್ಲಿ ಜನ ವಿಡಿಯೋ ಮುಂದಕ್ಕೆ ಓಡಿಸುತ್ತಾರೆ, ಬಟನ್ ಕಾಣುವ ಜಾಗದಲ್ಲಿ ನಿಲ್ಲಿಸುತ್ತಾರೆ. ಹಾಗಾಗಿ ಆ ಮೂರು ಸಾಲನ್ನು ಬಟನ್ ಕಾಣುವ ಹೊತ್ತಿನಲ್ಲೇ ಹೇಳಿ.

ಎಚ್ಚರಿಕೆಯನ್ನು ಸಾಫ್ಟ್‌ವೇರ್ ಒಳಗೇ ಹಾಕಿದರೆ ಪುಟವೇ ಬೇಡವಲ್ಲ?

ಸರಿಯಾದ ಪ್ರಶ್ನೆ. ಹಾಕಿಸಲು ಆದರೆ ಮೊದಲು ಅದನ್ನೇ ಮಾಡಿಸಿ. ಕ್ಯಾರಲ್ ತಂಡವೂ 1984ರ ಸುಮಾರಿಗೆ ಇದನ್ನು ಮಾಡಿತ್ತು. ಸೈಕಲ್ ಕಲಿಯುವ ಮಕ್ಕಳಿಗೆ ಪಕ್ಕದಲ್ಲಿ ಎರಡು ಚಿಕ್ಕ ಚಕ್ರ ಹಾಕುತ್ತಾರಲ್ಲ, ಹಾಗೆ. ಹೊಸಬರು ಸಿಕ್ಕಿಹಾಕಿಕೊಳ್ಳುವ ಆಯ್ಕೆಗಳನ್ನು ಮುಚ್ಚಿಟ್ಟು, ಒತ್ತಿದರೆ ‘ಇದು ಈಗ ಸಿಗುವುದಿಲ್ಲ’ ಅಂತ ಹೇಳುವ ಹಾಗೆ ಮಾಡಿದರು.

ನಮ್ಮ ಡೈರಿ ಸಾಫ್ಟ್‌ವೇರಿನಲ್ಲಿ ಶಿಫ್ಟ್ ಕ್ಲೋಸ್ ಬಟನ್ ಒತ್ತಿದರೆ ಮುಂಚೆ ‘ನಿಮಗೆ ಖಚಿತವೇ?’ ಅಂತ ಬರುತ್ತಿತ್ತು. ಯಾವುದರ ಬಗ್ಗೆ ಖಚಿತ? ಎಲ್ಲರೂ ‘ಹೌದು’ ಒತ್ತುತ್ತಾರೆ. ಈಗ ‘ಬೆಳಗಿನ ಲೆಕ್ಕಕ್ಕೆ ಗೆರೆ ಎಳೆಯಲಾ? ಹಾಲಿನ ಗಾಡಿ ಹೊರಟಿತಾ?’ ಅಂತ ಬರುತ್ತದೆ. ಅದನ್ನು ಹಾಕಿಸಲು ನನಗೆ ಎಂಟು ತಿಂಗಳು ಹಿಡಿಯಿತು, ಅದು ಬೇರೆ ಕಥೆ.

ಬರೆದದ್ದು ಸರಿ ಇದೆಯಾ ಅಂತ ತಿಳಿಯೋದು ಹೇಗೆ?

ಪಕ್ಕದಲ್ಲಿ ಕೂತು ನೋಡಿ. ಬಾಯಿ ತೆರೆಯಬೇಡಿ, ಅದೇ ಕಷ್ಟ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ನಮ್ಮ ಜನ ಮರ್ಯಾದೆಗೆ ‘ಆಯ್ತು ಸಾರ್’ ಅನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: “ಈಗ ಈ ಬಟನ್ ಒತ್ತಿದರೆ ಏನಾಗುತ್ತೆ ಹೇಳಿ?” ಅವರು ಹೇಳಿದ್ದಕ್ಕೂ ಆಗುವುದಕ್ಕೂ ವ್ಯತ್ಯಾಸ ಇದ್ದರೆ, ಕಾನ್ಸೆಪ್ಟ್ ಇಡಬೇಕಾದ ಜಾಗ ಸಿಕ್ಕಿತು. ವ್ಯತ್ಯಾಸ ಇಲ್ಲದಿದ್ದರೆ ಅಲ್ಲಿ ನೀವು ಬರೆದಿರುವ ವಿವರಣೆಯನ್ನು ಅಳಿಸಬಹುದು. ಅಳಿಸುವಾಗ ಹೊಟ್ಟೆ ಉರಿಯುತ್ತದೆ, ಏನು ಮಾಡೋದು.

ನಮ್ಮಲ್ಲಿ ಹಳೇ ಪುಟಗಳೇ ಇನ್ನೂರು ಇವೆ. ಎಲ್ಲಿಂದ ಶುರು ಮಾಡಲಿ?

ಇನ್ನೂರನ್ನೂ ಮುಟ್ಟಬೇಡಿ. ಸಪೋರ್ಟ್ ಫೋನ್ ಎತ್ತುವವರು ಯಾರು ಅಂತ ನೋಡಿ, ಅವರ ಹತ್ತಿರ ಒಂದು ನೋಟ್‌ಬುಕ್ ಇರುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವ ಹುಡುಗಿಯ ಹತ್ತಿರ ನೂರು ಪುಟದ ಲಾಂಗ್ ನೋಟ್‌ಬುಕ್ ಇತ್ತು, ರಟ್ಟು ಕಿತ್ತು ಬಂದಿತ್ತು. ಅದರಲ್ಲಿ ‘ಹೇಗೆ ಮಾಡೋದು?’ ಅನ್ನೋ ಫೋನುಗಳನ್ನು ಒಂದು ಕಡೆ ಗುರುತು ಮಾಡಿದೆ, ‘ಮಾಡಿದೆ, ಆದ್ರೆ ಯಾಕೆ ಹಿಂಗಾಯ್ತು?’ ಅನ್ನೋದನ್ನು ಇನ್ನೊಂದು ಕಡೆ. ಮೊದಲನೆಯದು ಹೆಜ್ಜೆ ತಪ್ಪಿದ ಪುಟ, ಎರಡನೆಯದು ಕಾನ್ಸೆಪ್ಟ್ ತಪ್ಪಿದ ಪುಟ. ಎರಡನೇ ಪಟ್ಟಿಯಲ್ಲಿ ಪದೇ ಪದೇ ಬಂದದ್ದು ಹನ್ನೊಂದು ಪುಟ ಮಾತ್ರ. ಅವುಗಳಲ್ಲಿ ಒಂಬತ್ತಕ್ಕೆ ಮೂರು ಮೂರು ಸಾಲು ಸೇರಿಸಿದೆ. ಉಳಿದ ಎರಡು ರೇಟ್ ಚಾರ್ಟಿಗೆ, ಅಂದರೆ ಹಾಲಿನ ದರದ ಪಟ್ಟಿಗೆ, ಸೇರಿದವು. ಅವುಗಳಿಗೆ ಸಾಲು ಸೇರಿಸಿ ಪ್ರಯೋಜನ ಇಲ್ಲ. ಸ್ಕ್ರೀನೇ ಬದಲಾಗಬೇಕು ಅಂತ ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.